ಏಳು ಕೊಡದ ರಾಟೆ

ನಮ್ಮ ಊರಿನಲ್ಲಿ ಗಂಡ ಹೆಂಡತಿ ಜಗಳವಾಡಿದರೆ ಸರದಿಯ ಮೇಲೆ ಆಡಬೇಕು. ಇಬ್ಬರೂ ಒಮ್ಮೆಲೇ ಬಾಯಿ ಮಾಡಿದರೋ, ಇಬ್ಬರ ದನಿಯೂ ಹೋಯಿತು. ಬಾಯಿ ಆಡುತ್ತದೆ, ಕೈ ಆಡುತ್ತದೆ, ಸದ್ದು ಮಾತ್ರ ಇಲ್ಲ. ಒಂದು ಸದ್ದಿನ ಮೇಲೆ ಇನ್ನೊಂದು ಸದ್ದು ಅದೇ ಗಳಿಗೆಗೆ ಬಿದ್ದರೆ ಎರಡೂ ಇಲ್ಲವಾಗುವ ಊರು ನಮ್ಮದು. ಇಲ್ಲೇ ಹುಟ್ಟಿದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನನ್ನಂತೆ ಹೊರಗಿನಿಂದ ಬಂದ ಸೊಸೆಯರಿಗೆ ಮೊದಮೊದಲು ಕಷ್ಟ. ಬಂದ ಹೊಸದರಲ್ಲಿ ಒಮ್ಮೆ ಸಿಟ್ಟಿನಲ್ಲಿ ಅತ್ತೆಗೆ ಎದುರು ಮಾತಾಡಿಬಿಟ್ಟೆನೆಂದು ಹೆದರಿ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದೆ. ಅತ್ತೆಯೂ ಅದೇ ಹೊತ್ತಿಗೆ ನನ್ನನ್ನು ಬೈದಿದ್ದರಿಂದ ಇಬ್ಬರಿಗೂ ಏನೂ ಕೇಳಿಸಿರಲಿಲ್ಲ. ಆಮೇಲೆ ಆಕೆ ಏನೂ ಆಗದವರ ಹಾಗೆ ಊಟಕ್ಕೆ ಬಡಿಸಿದಳು.

ಕೂಡಿ ಬಾಳಿದರೆ ಸ್ವರ್ಗ ಸುಖ ಅನ್ನುತ್ತಾರೆ. ಬಾಳಬಹುದು, ಕೂಡಿ ಹಾಡುವ ಹಾಗಿಲ್ಲ. ಸೋಬಾನೆ ಪದ ಒಬ್ಬಳೇ ಹಾಡಬೇಕು. ಸಾಲಿಯ ಮಕ್ಕಳು ಮಗ್ಗಿಯನ್ನು ಒಬ್ಬೊಬ್ಬರಾಗಿ ಹೇಳಬೇಕು, ಹಾಗಾಗಿ ನಮ್ಮಲ್ಲಿ ದಡ್ಡರು ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ಕೂಸು ಅತ್ತರೆ ತಾಯಿ ಅದರ ಬಿಕ್ಕುಗಳ ನಡುವೆ ಜೋಗುಳವನ್ನು ತೂರಿಸಬೇಕು. ಸತ್ತವರ ಮನೆಯಲ್ಲಿಯೂ ಅಳುವುದು ಒಬ್ಬೊಬ್ಬರೇ. ಯಾರದಾದರೂ ಅಳು ತೀರಾ ಹೆಚ್ಚಾಯಿತು ಎನ್ನಿಸಿದರೆ ಬೇಕಾದವರೊಬ್ಬರು ಅವರ ಮಗ್ಗುಲಿಗೆ ಹೋಗಿ ಕೂತು ತಾವೂ ಅಳುತ್ತಾರೆ. ಬಿಕ್ಕಿಗೆ ಬಿಕ್ಕು ಹೊಂದಿತೆಂದರೆ ಮನೆ ಸುಮ್ಮನಾಗುತ್ತದೆ. ಅಳು ಮುಚ್ಚುವುದು ಎಂದು ಇದರ ಹೆಸರು. ಬೇರೆ ಊರುಗಳಲ್ಲಿ ಸಮಾಧಾನದ ಮಾತು ಹೇಳುತ್ತಾರಂತೆ, ನಾವು ಹೋಗಿ ಅಳು ಮುಚ್ಚಿ ಬರುತ್ತೇವೆ.

ಇಂಥ ಊರಿನ ಕಸುಬು ಗಂಟೆ ಎರೆಯುವುದು. ದೇವರಿಗೆ ಇದು ತಮಾಷೆಯಾಗಿ ಕಂಡಿರಬೇಕು. ಸುತ್ತಲೂ ಬಂಡೆಗುಡ್ಡ, ನಡುವೆ ಬೋಗುಣಿಯ ತಳದಲ್ಲಿ ಕೂತ ಹಾಗೆ ಊರು. ಕಾಲುವೆಯ ದಂಡೆಯ ಎತ್ತರದ ಕಟ್ಟೆಯ ಮೇಲೆ ನೀರೆತ್ತುವ ರಾಟೆ. ರಾಟೆಯ ಸುತ್ತ ಏಳು ಓಣಿಗಳು ಸೊಟ್ಟಸೊಟ್ಟಗೆ ಹರಿದಿದ್ದವು. ಪ್ರತಿ ಓಣಿಯ ಒಳಗೆ, ತೀರಾ ಕೊನೆಯಲ್ಲಿ, ಒಂದು ಆಪತ್ತಿನ ಗಂಟೆ. ಬೆಂಕಿ ಬಿದ್ದರೆ, ಯಾರಾದರೂ ಬಾವಿಗೆ ಬಿದ್ದರೆ ಅದನ್ನು ಬಾರಿಸಬೇಕು, ರಾಟೆಕಟ್ಟೆಯ ಮೇಲೆ ನೀರಿನ ಬಂಡಿ ಕಟ್ಟಿಕೊಂಡು ಕಾದಿರುವ ಗಂಡಸರು ಓಡಬೇಕು. ಗುಡ್ಡಗಳ ನಡುವೆ ಸದ್ದು ಸುತ್ತಿ ಬರುವುದರಿಂದ ಗಂಟೆ ಯಾವ ದಿಕ್ಕಿನಲ್ಲಿ ಬಾರಿಸಿತೆಂದು ಕಿವಿಗೆ ತಿಳಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಎರಡು ಓಣಿಯವರು ಒಟ್ಟಿಗೆ ಬಾರಿಸಿದರೆ ಒಂದೂ ಕೇಳುತ್ತಿರಲಿಲ್ಲ. ನಾನು ಬರುವ ಮೊದಲು ಹಾಗೊಮ್ಮೆ ಆಗಿ, ಎರಡು ಓಣಿಯೂ ಉರಿಯುತ್ತಿರುವಾಗ ಊರು ತಣ್ಣಗೆ ಊಟ ಮಾಡುತ್ತಿತ್ತಂತೆ.

ಇದಕ್ಕೊಂದು ದಾರಿ ಹುಡುಕಿದವಳು ನಮ್ಮ ಮೇಣದೋಣಿಯ ಬಸಲಿಂಗಕ್ಕ, ನನ್ನ ಗೋಡೆಯಾಚೆಯ ಮನೆಯವಳು. ಗಂಟೆ ಎರೆಯುವ ಮೊದಲು ಜೇನುಮೇಣದಲ್ಲಿ ಅದರ ರೂಪ ಮಾಡುತ್ತಾರೆ, ಆ ಕೆಲಸ ನನಗೆ ಕಲಿಸಿದವಳೂ ಆಕೆಯೇ. ಕೈ ಮೇಣದಲ್ಲಿದ್ದರೆ ತಲೆ ಲೆಕ್ಕದಲ್ಲಿರುತ್ತಿತ್ತು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆಕೆಗೆ ಇದ್ದವಳು ತಂಗಿ ಸಾವಂತ್ರಿ ಒಬ್ಬಳೇ. ಅವಳನ್ನು ರಾಟೆಯ ಆಚೆ ಮಗ್ಗುಲಿನ ಇದ್ದಲಿ ಓಣಿಗೆ ಕೊಟ್ಟಿತ್ತು. ತಾಯಿ ಬೇಗ ಹೋಗಿದ್ದರಿಂದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಬಸಲಿಂಗಕ್ಕ. ದಿನಾ ಮಧ್ಯಾಹ್ನ ಸಾವಂತ್ರಿ ಮೈಯೆಲ್ಲ ಇದ್ದಲಿ ಪುಡಿ ಮಾಡಿಕೊಂಡು ಅಕ್ಕನ ಮನೆಗೆ ಬರುತ್ತಿದ್ದಳು, ಕಟ್ಟೆಯ ಮೇಲೆ ಕೂತು ನಮ್ಮ ಮೇಣವನ್ನೆಲ್ಲ ಕರಿದು ಮಾಡಿ ಬೈಸಿಕೊಳ್ಳುತ್ತಿದ್ದಳು.

ಬಸಲಿಂಗಕ್ಕನ ದಾರಿ ಹೀಗಿತ್ತು. ರಾಟೆಗೆ ಏಳು ಕೊಡ. ಒಂದೊಂದೇ ಕೊಡ ಮೇಲೆ ಬಂದು ನೀರು ಸುರಿಯುವುದು ಎಲ್ಲ ಓಣಿಯ ಗಂಟೆಕಟ್ಟೆಯಿಂದಲೂ ಕಾಣುತ್ತದೆ, ಸೂರುಗಳ ಮರೆಯಲ್ಲಿರುವ ಗಂಟೆ ಮಾತ್ರ ರಾಟೆಯ ಬಳಿ ನಿಂತವರಿಗೆ ಕಾಣುವುದಿಲ್ಲ. ಎಣಿಕೆಯ ಗುರುತಿಗೆ ಮೊದಲನೆಯ ಕೊಡಕ್ಕೆ ಕೆಮ್ಮಣ್ಣು ಬಳಿದಳು. ಒಂದು ಕೊಡಕ್ಕೆ ಒಂದು ಬಡಿತ, ಬಡಿದ ಕೂಡಲೇ ಗಂಟೆಗೆ ಅಂಗೈಯಿಟ್ಟು ನಾದ ಮುಚ್ಚಬೇಕು. ಎಲ್ಲ ಕೊಡಕ್ಕೂ ಬಡಿಯುವಂತಿಲ್ಲ, ಒಂದು ಓಣಿಗೆ ಮೂರೇ ಕೊಡ. ನಮ್ಮ ಮೇಣದೋಣಿಗೆ ಒಂದು, ಎರಡು, ನಾಲ್ಕನೆಯ ಕೊಡ. ಪಕ್ಕದ ಓಣಿಗೆ ಅದನ್ನೇ ಒಂದು ಕೊಡ ಮುಂದೆ ಸರಿಸಿದಳು: ಎರಡು, ಮೂರು, ಐದು. ಅದರಾಚೆಗೆ ಮತ್ತೊಂದು ಮುಂದೆ. ಹೀಗೆ ಸರಿಸುತ್ತ ಹೋದರೆ ಏಳನೆಯ ಓಣಿ ದಾಟಿದ ಮೇಲೆ ತಿರುಗಿ ನಮ್ಮ ಓಣಿಗೇ ಬರುತ್ತದೆ. ಒಂದು ಕಲಿತವರು ಏಳನ್ನೂ ಕಲಿತ ಹಾಗೆ. ಅದರ ಚೆಂದ ಇರುವುದು ಮುಂದೆ. ಯಾವ ಎರಡು ಓಣಿಯನ್ನು ಹಿಡಿದರೂ ಅವೆರಡಕ್ಕೂ ಸೇರಿದ ಕೊಡ ಒಂದೇ ಒಂದು, ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡು ಗಂಟೆ ಒಟ್ಟಿಗೆ ಬಾರಿಸಿದರೂ ಆ ಒಂದು ಬಡಿತ ಮಾತ್ರ ಇಲ್ಲವಾಗುತ್ತದೆ, ಉಳಿದವು ಕೇಳುತ್ತವೆ. ಇನ್ನು ಮುಂದೆ ಯಾರ ಕೂಗೂ ಪೂರ್ತಿ ಮುಳುಗುವುದಿಲ್ಲ.

ಇದನ್ನು ಆಕೆ ನೆಲದ ಮೇಲೆ ಹುಣಸೆಬೀಜ ಜೋಡಿಸಿ ತೋರಿಸಿದಾಗ ಊರಿನ ಹಿರಿಯರು ಮೂಗಿನ ಮೇಲೆ ಬೆರಳಿಟ್ಟರು. ಆಕೆಗೆ ಇನ್ನೊಂದು ಲೆಕ್ಕವೂ ಗೊತ್ತಿತ್ತು, ಹದಿಮೂರು ಕೊಡದ್ದು, ಓಣಿಗೆ ನಾಲ್ಕು ಬಡಿತದ್ದು. ಅದನ್ನೂ ಹೇಳಿದಳು, ಆದರೆ ಒತ್ತಿ ಹೇಳಲಿಲ್ಲ. ಇರುವ ರಾಟೆ ಮುರಿದು ಹೊಸದು ಕಟ್ಟಬೇಕು, ಒಂದು ಸುತ್ತು ಬರಲು ಹೊತ್ತು ಹಿಡಿಯುತ್ತದೆ, ಮುದುಕರಿಗೆ ನಾಲ್ಕು ಕೊಡ ನೆನಪಿಡುವುದು ಕಷ್ಟ ಎಂದರು. ಆಕೆಗೂ ಮನಸ್ಸು ಏಳರ ಮೇಲೇ ಇತ್ತು. ಏಳು ಕೊಡ, ಏಳು ಓಣಿ, ಬಿಟ್ಟುಹೋದದ್ದು ಏನೂ ಇಲ್ಲ, ಬಿಗಿಯಾಗಿ ಹೆಣೆದ ಬುಟ್ಟಿಯ ಹಾಗೆ. ಚೆಂದದ ಲೆಕ್ಕಕ್ಕೆ ಸೋತೆನವ್ವ ಎಂದು ಮುಂದೆ ಎಷ್ಟೋ ಸಲ ನನ್ನ ಮುಂದೆ ಹೇಳಿದ್ದಾಳೆ.

ಬಡಿತ ಕಲಿಸಲಿಕ್ಕೆ ಓಣಿಗೊಬ್ಬರನ್ನು ಆರಿಸಿದರು. ಇದ್ದಲಿ ಓಣಿಗೆ ಸಾವಂತ್ರಿ. ಅವರದು ಮೂರು, ನಾಲ್ಕು, ಆರನೆಯ ಕೊಡ. ಅಂದು ಮಧ್ಯಾಹ್ನ ಕಟ್ಟೆಯ ಮೇಲೆ ಅಕ್ಕ ತಂಗಿ ಹಿತ್ತಾಳೆ ತಟ್ಟೆ ಬಡಿಯುತ್ತ ಆಡುತ್ತಿದ್ದರು, ನಾನು ಮೇಣ ನಾದುತ್ತ ಕೂತಿದ್ದೆ. ಊರಿನವರು ಯಾರೂ ಕೇಳದ ಪ್ರಶ್ನೆಯನ್ನು ಸಾವಂತ್ರಿ ಕೇಳಿದಳು.

"ಎರಡು ಓಣ್ಯಾಗ ಒಮ್ಮೆಲೆ ಬಾರಿಸಿದ್ರ ಏನ್ ಮಾಡೂದಕ್ಕಾ?"

"ನಿನ್ನ ಗಂಟಿ ಒಂದ್ ಬಡಿತಕ್ಕ ಮೂಕ ಆಗತೈತಿ. ಹಂಗಾತು ಅಂದ್ರ ತಿಳ್ಕೋ, ಮತ್ಯಾರೋ ಕರ್ಯಾಕತ್ಯಾರ ಅಂತ. ನೀ ಸ್ವಲ್ಪ ಸುಮ್ಮನಾಗು, ಅವರದು ಚಂದ ಕೇಳಸ್ತೈತಿ. ಅವರದು ಮುಗದ ಮ್ಯಾಲೆ ನೀ ಬಾರಿಸು."

"ಅವರೂ ಹಂಗಽ ಅಂದ್ಕೊಂಡು ಸುಮ್ಮನಾದ್ರ?"

"ನಿನ್ನಂಥ ಹುಚ್ಚಿ ಊರಾಗ ಇನ್ನೊಬ್ಬಾಕಿ ಎಲ್ಲಿದಾಳ?" ಎಂದು ಬಸಲಿಂಗಕ್ಕ ಮೇಣ ಹತ್ತಿದ ಕೈಯಿಂದ ತಂಗಿಯ ಗಲ್ಲ ಹಿಂಡಿದಳು. ಸಾವಂತ್ರಿ ನಕ್ಕಳು. ನಾನೂ ನಕ್ಕೆ. ಮೂವರೂ ಒಟ್ಟಿಗೆ ನಕ್ಕಿದ್ದರಿಂದ ಏನು ಕೇಳಿಸಿತೋ ಏನು ಇಲ್ಲವೋ ನೆನಪಿಲ್ಲ.

ಕೆಲವು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಒಂದು ಓಣಿ ಬಾರಿಸಿದರೆ ಮೂರು ಬಡಿತ ಎಣಿಸಿ ಬಂಡಿ ಓಡುತ್ತಿತ್ತು. ಮಕ್ಕಳು ಕೊಡಗಳ ಮೇಲೆ ಆಟ ಕಟ್ಟಿದರು. ಬಸಲಿಂಗಕ್ಕ ಸಂತೆಗೆ ಹೋದರೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು, ಆಕೆಗೂ ಅದು ಹಿಡಿಸುತ್ತಿತ್ತು. ಎರಡು ಓಣಿಗೆ ಒಮ್ಮೆಲೇ ಆಪತ್ತು ಬರುವುದೇ ಅಪರೂಪ ಎಂದು ಎಲ್ಲರೂ ಅಂದುಕೊಂಡಿದ್ದೆವು. ಗಂಟೆ ಎರೆಯುವವರ ಊರಿನಲ್ಲಿ ಹಾಗೆ ಅಂದುಕೊಂಡದ್ದು ನಮ್ಮ ಮೂರ್ಖತನ. ಯಾಕೆಂದರೆ ನಮ್ಮಲ್ಲಿ ಎರಕಕ್ಕೆ ಒಂದೇ ಒಳ್ಳೆಯ ದಿನ ನೋಡುತ್ತಾರೆ. ಅಂದು ಏಳು ಓಣಿಯ ಕುಲುಮೆಗಳೂ ಒಟ್ಟಿಗೆ ಹೊತ್ತುತ್ತವೆ. ಅಂದು ಆಪತ್ತು ಬಂದರೆ ಒಂದೇ ಕಡೆ ಬರಬೇಕೆಂದು ಯಾರು ಬರೆದಿಟ್ಟಿದ್ದಾರೆ?

ಅಂಥ ಒಂದು ಎರಕದ ದಿನ, ಹೊತ್ತು ನೆತ್ತಿಗೆ ಬಂದಿತ್ತು. ನಾನು ಮತ್ತು ಬಸಲಿಂಗಕ್ಕ ರಾಟೆಕಟ್ಟೆಯಲ್ಲಿ ಮೇಣದ ಅಚ್ಚುಗಳನ್ನು ನೀರಿನಲ್ಲಿ ತಣ್ಣಗೆ ಇಡುತ್ತಿದ್ದೆವು. ಊರೆಲ್ಲ ಹೊಗೆ. ಯಾವ ಹೊಗೆ ಕುಲುಮೆಯದು, ಯಾವುದು ಅಲ್ಲ ಎಂದು ತಿಳಿಯುವ ಹಾಗಿರಲಿಲ್ಲ. ಗಂಟೆ ಬಾರಿಸಿತು. ಬಂಡಿ ಹೊಡೆಯುವ ಫಕೀರಪ್ಪ ಎದ್ದು ನಿಂತು ಕೊಡ ನೋಡುತ್ತ ಬೆರಳು ಮಡಚಿದ. ಮೂರನೆಯ ಕೊಡಕ್ಕೆ ಬಡಿತ. ನಾಲ್ಕಕ್ಕೆ ಇಲ್ಲ. ಐದಕ್ಕೆ, ಆರಕ್ಕೆ, ಏಳಕ್ಕೆ ಬಡಿತ. ಒಂದು ಎರಡಕ್ಕೆ ಇಲ್ಲ. ಮೂರು ಇರಬೇಕಾದಲ್ಲಿ ನಾಲ್ಕಾಯಿತು. ಫಕೀರಪ್ಪನ ಮಡಚಿದ ಬೆರಳು ಹಾಗೇ ಉಳಿಯಿತು. ಅವನು ಬಸಲಿಂಗಕ್ಕನ ಕಡೆ ತಿರುಗಿ, "ಯಾವ ಓಣಿ ಅಕ್ಕಾ?" ಎಂದ.

ಬಸಲಿಂಗಕ್ಕ ಬೆರಳ ಮೇಲೆ ಓಣಿಗಳನ್ನು ಎಣಿಸಿದಳು. ಆ ನಾಲ್ಕು ಬಡಿತ ಎರಡು ಓಣಿಯಿಂದ ಬಂದಿರಬೇಕು. ಆದರೆ ಯಾವ ಎರಡು? ಅದೇ ನಾಲ್ಕು ಬಡಿತವನ್ನು ಕೊಡುವ ಜೋಡಿಗಳು ಮೂರು ಇದ್ದವು, ಮೂರು ಜೋಡಿಯೆಂದರೆ ಆರು ಓಣಿ. ಏಳರಲ್ಲಿ ಉಳಿದದ್ದು ಒಂದೇ, ಸುಮ್ಮನಿದ್ದ ಒಂದು, ಎರಡು, ನಾಲ್ಕನೆಯ ಕೊಡಗಳ ಓಣಿ.

"ನಮ್ಮ ಓಣಿ ಅಲ್ಲ," ಎಂದಳು. "ಅದೊಂದು ಗೊತ್ತು. ಮತ್ತೇನೂ ಗೊತ್ತಾಗೂದಿಲ್ಲ."

ಬಂಡಿ ಒಂದೇ ಇತ್ತು. ಆರು ಓಣಿಗೆ ಒಬ್ಬೊಬ್ಬರು ಓಡೋಣವೇ ಎಂದು ಯಾರೋ ಕೇಳಿದರು, ಬರಿಗೈಲಿ ಹೋಗಿ ಮಾಡುವುದೇನು ಎಂದು ಇನ್ಯಾರೋ ಕೇಳಿದರು. ಅವೆರಡೂ ಒಟ್ಟಿಗೆ ಬಂದು ಅರ್ಧ ಮಾತು ಯಾರಿಗೂ ಕೇಳಲಿಲ್ಲ. ರಾಟೆ ಮತ್ತೊಂದು ಸುತ್ತು ತಿರುಗಿತು. ಈ ಸಲ ಮೂರಕ್ಕೆ ಬಡಿತ ಬರಲಿಲ್ಲ. ನಾಲ್ಕಕ್ಕೆ ಬಂತು, ಐದಕ್ಕೆ ಬಂತು, ಆರಕ್ಕೆ ಇಲ್ಲ, ಏಳಕ್ಕೆ ಬಂತು. ಮೂರೇ ಬಡಿತ, ತೊಳೆದಿಟ್ಟ ಹಾಗೆ ಸ್ವಚ್ಛ.

"ಗಾಣದೋಣಿ," ಎಂದು ಬಸಲಿಂಗಕ್ಕ ಹೇಳುವುದರೊಳಗೆ ಬಂಡಿ ಹೊರಟುಹೋಗಿತ್ತು. ಆಕೆ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡಳು. ಗಾಣದೋಣಿ ತಿಳಿದ ಮೇಲೆ ನಿಂತುಹೋದ ಇನ್ನೊಂದು ಯಾವುದೆಂದು ತಿಳಿಯುವುದು ಆಕೆಗೆ ಕಷ್ಟವಲ್ಲ. ಮೂರು, ನಾಲ್ಕು, ಆರು. ನನ್ನ ಕಡೆ ನೋಡಿ ನಕ್ಕಳು. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಇನ್ನೊಂದು ನಮ್ಮ ಸಾವಂತ್ರಿ ಓಣಿಯದು, ಅಲ್ಲಿಯದು ತೀರಿತು, ಅದಕ್ಕೇ ನಿಲ್ಲಿಸಿದಳು ಎಂದಳು. ನನಗೂ ಹಾಗೇ ಅನಿಸಿತು. ಗಂಟೆ ನಿಂತರೆ ಆಪತ್ತು ತೀರಿತು ಎಂದಲ್ಲದೆ ಮತ್ತೇನು ತಿಳಿಯಬೇಕು?

ಅಚ್ಚೊಂದನ್ನು ಎತ್ತಿ ನೀರಿಗೆ ಇಡಲು ಬಗ್ಗಿದ ಬಸಲಿಂಗಕ್ಕ ಹಾಗೇ ನಿಂತಳು. ಅಚ್ಚು ಕೈಜಾರಿ ಕಾಲುವೆಗೆ ಬಿತ್ತು. "ತೀರಿತೋ, ನಿಲ್ಲಿಸಿದ್ಲೋ?" ಎಂದು ತನ್ನಷ್ಟಕ್ಕೆ ಅಂದಳು. ಆಮೇಲೆ ಓಡಿದಳು. ಆ ವಯಸ್ಸಿನಲ್ಲಿ ಆಕೆ ಅಷ್ಟು ಜೋರಾಗಿ ಓಡಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ನಾನು ಹಿಂದೆ ಹಿಂದೆ ಓಡಿದೆ.

ಇದ್ದಲಿ ಓಣಿಯ ಬಾಯಲ್ಲಿ ದುರುಗವ್ವ ಎದುರಾದಳು, ಸಾವಂತ್ರಿಯ ನೆರೆಯವಳು. ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಒಂದು, ಕಣ್ಣು ಬಿಡಲಾರದಷ್ಟು ಮಸಿ. ಗಂಡಸರೆಲ್ಲ ಎರಕದ ಗುಂಡಿಯ ಕಡೆ ಹೋಗಿದ್ದಾಗ ಇದ್ದಲಿ ಕೊಟ್ಟಿಗೆಗೆ ಕಿಡಿ ಹಾರಿತ್ತು. ಕೊಟ್ಟಿಗೆಗೆ ಅಂಟಿಕೊಂಡೇ ಸಾವಂತ್ರಿಯ ಮನೆ. ಒಳಗೆ ಏಳಲಾರದ ಅತ್ತೆ. ಸಾವಂತ್ರಿ ಗಂಟೆ ಬಾರಿಸಿದಳು, ಒಂದು ಸುತ್ತು ಬಾರಿಸಿ ಕೈಬಿಟ್ಟಳು. ಯಾಕೆ ನಿಲ್ಲಿಸಿದೆ ಎಂದು ದುರುಗವ್ವ ಬೈದರೆ ಅವಳು ಹೇಳಿದ ಮಾತನ್ನು ದುರುಗವ್ವ ಅಲ್ಲೇ, ಓಣಿಯ ಬಾಯಲ್ಲೇ, ಕೆಮ್ಮುತ್ತ ನಮಗೆ ಹೇಳಿದಳು.

"ನಾಕನೇದು ಬೀಳವಲ್ದು ಯಕ್ಕಾ. ಮತ್ಯಾರೋ ಕರ್ಯಾಕತ್ಯಾರ. ಅವರದು ಮೊದಲ ಆಗ್ಲಿ, ನಮ್ಮಕ್ಕ ಹಂಗಽ ಮಾಡಂತ ಹೇಳ್ಯಾಳ."

ಅಷ್ಟು ಹೇಳಿ, ಬಂಡಿ ಬರುವುದರೊಳಗೆ ಅತ್ತೆಯನ್ನು ಎತ್ತಿ ತರುತ್ತೇನೆಂದು ಒಳಗೆ ಹೋದವಳು ತಿರುಗಿ ಬರಲಿಲ್ಲ.

ಗಾಣದೋಣಿಯ ಆಪತ್ತು ಏನೆಂದು ಸಂಜೆಗೆ ತಿಳಿಯಿತು. ಕಾಳು ತುಂಬುವ ಹಗೇವಿನ ಬಾಯಿ ಕುಸಿದು ಗಾಣದ ಎತ್ತೊಂದು ಅದರೊಳಗೆ ಬಿದ್ದಿತ್ತು. ಅವರ ಹೊಟ್ಟೆಪಾಡು ಆ ಎತ್ತು, ಅವರು ಬಾರಿಸಿದ್ದು ತಪ್ಪೆಂದು ಯಾರೂ ಹೇಳುವಂತಿರಲಿಲ್ಲ. ಬಂಡಿಯವರು ಹಗ್ಗ ಹಾಕಿ ಎತ್ತನ್ನು ಮೇಲಕ್ಕೆ ತಂದಿದ್ದರು. ಅದಕ್ಕೆ ಒಂದು ಕಾಲು ಮಾತ್ರ ಊನವಾಗಿತ್ತು. ಅದು ಆಮೇಲೆ ಬಹಳ ಕಾಲ ಬದುಕಿತು. ಊರಿನವರು ಅದನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಬಸಲಿಂಗಕ್ಕ ಮಾತ್ರ ಆ ಕಡೆ ಹೋದಾಗಲೆಲ್ಲ ಸೆರಗಿನಲ್ಲಿ ಹಿಂಡಿ ಕಟ್ಟಿಕೊಂಡು ಹೋಗಿ ಅದಕ್ಕೆ ತಿನ್ನಿಸುತ್ತಿದ್ದಳು, ಅದರ ಕುಂಟು ಕಾಲನ್ನು ಸವರುತ್ತಿದ್ದಳು. ತನ್ನ ತಂಗಿ ಉಳಿಸಿದ ಜೀವ ಅದೊಂದೇ ಎಂದು ಆಕೆಗೆ ಅನಿಸಿತ್ತೇನೋ.

ಸಾವಂತ್ರಿಯ ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಒಬ್ಬೊಬ್ಬರಾಗಿ ಅತ್ತರು. ಬಸಲಿಂಗಕ್ಕನ ಸರದಿ ಬಂದಾಗ ಆಕೆ ಬೇಡವೆಂದು ಕೈಯಾಡಿಸಿ ಹಿಂದೆ ಸರಿದಳು. ಎಂಥ ಕಲ್ಲುಮನಸ್ಸು ಎಂದು ಹೆಂಗಸರು ಪಿಸುಗುಟ್ಟಿದರು. ನಾನು ಮಗ್ಗುಲಲ್ಲೇ ನಿಂತಿದ್ದೆ, ನನಗೆ ಕಾಣುತ್ತಿತ್ತು. ಸಾವಂತ್ರಿಯ ಗಂಡ ಅತ್ತಾಗ ಆಕೆಯ ಬಾಯಿ ತೆರೆಯುತ್ತಿತ್ತು, ಅವನು ನಿಲ್ಲಿಸಿದಾಗ ಮುಚ್ಚುತ್ತಿತ್ತು. ಬೇರೆಯವರ ಅಳುವಿನ ಅಡಿಗೆ ತನ್ನದನ್ನು ಸೇರಿಸಿ ಯಾರಿಗೂ ಕೇಳದ ಹಾಗೆ ಅತ್ತಳು. ಅವನ ದನಿ ನಡುನಡುವೆ ಕಡಿದುಹೋಗುತ್ತಿದ್ದುದನ್ನು ಜನ ದುಃಖಕ್ಕೆ ಗಂಟಲು ಕಟ್ಟಿತೆಂದು ತಿಳಿದರು.

ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ ನಮ್ಮ ಊರಿನಲ್ಲಿ ಹದಿಮೂರು ಕೊಡದ ರಾಟೆ ಎದ್ದಿತು. ಈಗ ಅದೇ ಇದೆ. ಓಣಿಗೆ ನಾಲ್ಕು ಬಡಿತ. ಎರಡು ಓಣಿ ಒಟ್ಟಿಗೆ ಕರೆದರೆ ಒಂದು ಬಡಿತ ಹೋಗಿ ಆರು ಕೇಳುತ್ತವೆ, ಆ ಆರನ್ನು ಬಿಡಿಸುವ ದಾರಿ ಒಂದೇ ಒಂದು. ಇಬ್ಬರು ಕರೆದರೆ ಇಬ್ಬರೂ ಸಿಗುತ್ತಾರೆ. ಬಂಡಿಯೂ ಎರಡಾಗಿವೆ. ಮುದುಕರಿಗೆ ನಾಲ್ಕು ಕೊಡ ನೆನಪಿಡುವುದು ಏನೂ ಕಷ್ಟವಾಗಲಿಲ್ಲ. ಬಸಲಿಂಗಕ್ಕ ಓಣಿ ಓಣಿಗೆ ಹೋಗಿ ಕಲಿಸಿದಳು. ಕಲಿಸುವಾಗ ಕೊನೆಗೆ ಒಂದೇ ಮಾತು ಹೇಳುತ್ತಿದ್ದಳು, ಏನೇ ಆದರೂ ನಿಲ್ಲಿಸಬೇಡಿ ಎಂದು. ಹೇಳಿ ಹೇಳಿ ಆಕೆಯ ಆ ಮಾತು ಊರಿನಲ್ಲಿ ಗಾದೆಯೇ ಆಗಿಬಿಟ್ಟಿತು. ಮೊಂಡು ಹಿಡಿದ ಮಕ್ಕಳು ಕೂಡ ಅದನ್ನು ಹೇಳಿ ತಪ್ಪಿಸಿಕೊಳ್ಳುತ್ತಿದ್ದವು.

ವರ್ಷಗಳಾದ ಮೇಲೆ ಇನ್ನೊಂದು ಎರಕದ ದಿನ ಎರಡು ಓಣಿ ಒಟ್ಟಿಗೆ ಬಾರಿಸಿದವು. ಒಂದರಲ್ಲಿ ಸೂರಿಗೆ ಬೆಂಕಿ, ಒಂದರಲ್ಲಿ ಬಾವಿಗೆ ಬಿದ್ದ ಹುಡುಗಿ. ಇಬ್ಬರೂ ಬಾರಿಸುತ್ತಲೇ ಇದ್ದರು. ಫಕೀರಪ್ಪ ಆರು ಬಡಿತ ಎಣಿಸಿದ, ಎರಡೂ ಬಂಡಿ ಎರಡು ಕಡೆ ಓಡಿದವು. ಬೆಂಕಿ ಆರಿತು, ಹುಡುಗಿ ಬದುಕಿದಳು. ಸಂಜೆಯ ಹೊತ್ತಿಗೆ ಜನ ತೆಂಗಿನಕಾಯಿ, ಬೆಲ್ಲ ಹಿಡಿದು ಬಸಲಿಂಗಕ್ಕನ ಮನೆಗೆ ಬಂದರು. ಹುಡುಗಿಯ ತಂದೆ ಆಕೆಯ ಕಾಲು ಹಿಡಿದ. ಆಕೆ ಎಲ್ಲರಿಗೂ ಬೆಲ್ಲ ಹಂಚಿದಳು, ಹುಡುಗಿಯ ತಲೆ ಸವರಿದಳು, ಎಲ್ಲರನ್ನೂ ನಗುನಗುತ್ತ ಕಳಿಸಿದಳು. ಬಾಗಿಲು ಮುಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಅಳು ಕೇಳಿಸಿತು. ಇಷ್ಟು ವರ್ಷದಲ್ಲಿ ಬಸಲಿಂಗಕ್ಕನ ಅಳುವಿನ ದನಿ ಹೇಗಿರುತ್ತದೆಂದು ನಾನು ಕೇಳಿದ್ದು ಅದೇ ಮೊದಲು. ಆಕೆಗೆ ಅದನ್ನು ಅಡಗಿಸಿಕೊಳ್ಳಲು ಆ ಮನೆಯಲ್ಲಿ ಇನ್ನೊಬ್ಬರು ಅಳುವವರಿರಲಿಲ್ಲ. ಒಲೆಯ ಮೇಲಿನದನ್ನು ಇಳಿಸಿ ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಸಾವಂತ್ರಿ ಕೂರುತ್ತಿದ್ದ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ಕಂಡು ಅಳು ತಡೆದು ಹೇಳಿದಳು.

"ಆಕಿ ಕೇಳಿದ್ಲು, ಪಾರಿ. ಇಡೀ ಊರಾಗ ಆಕಿ ಒಬ್ಬಾಕೀನಽ ಕೇಳಿದ್ಲು. ನಾ ಗಲ್ಲಾ ಹಿಂಡಿ ನಕ್ಕೆ."

ನಾನೂ ಅಂದು ನಕ್ಕವಳೇ. ಆಕೆ ಮತ್ತೆ ಅಳತೊಡಗಿದಳು. ನಮ್ಮ ಊರಿನ ಸೊಸೆಯಾಗಿ ನಾನು ಕಲಿತದ್ದನ್ನು ಮಾಡಿದೆ. ಮಗ್ಗುಲಿಗೆ ಕೂತು, ಹೆಗಲ ಮೇಲೆ ಕೈಯಿಟ್ಟು, ಆಕೆಯ ಉಸಿರು ನೋಡಿಕೊಂಡು ಅಳತೊಡಗಿದೆ. ಮೊದಲು ತಾಳ ತಪ್ಪಿ ಇಬ್ಬರದೂ ಕೇಳಿಸಿತು. ಆಮೇಲೆ ಬಿಕ್ಕಿಗೆ ಬಿಕ್ಕು ಹೊಂದಿತು, ಮನೆ ಸುಮ್ಮನಾಯಿತು. ಹಾಗೆ ಸ್ವಲ್ಪ ಹೊತ್ತು ಅತ್ತಿರಬೇಕು.

ಇದ್ದಕ್ಕಿದ್ದ ಹಾಗೆ ನನ್ನ ಅಳು ನನಗೇ ಕೇಳಿಸಿತು. ತಿರುಗಿ ನೋಡಿದೆ. ಬಸಲಿಂಗಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಅಳು ನಿಲ್ಲಿಸಿದ್ದಳು. ನಿನ್ನದೂ ಏನೋ ಇದ್ದ ಹಾಗಿದೆ, ಮೊದಲು ನಿನ್ನದು ಕೇಳಲಿ ಎನ್ನುವಂತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅಕ್ಕ ತಂಗಿ ಇಬ್ಬರೂ ಒಂದೇ ಅಚ್ಚಿನ ಎರಕ. ಅದನ್ನು ಕಂಡ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಜೋರಾಗಿ ಅತ್ತೆ, ಮುಚ್ಚುವವರು ಯಾರೂ ಇಲ್ಲದೆ ಅದು ಓಣಿಯ ಕೊನೆಯವರೆಗೂ ಹೋಯಿತು. ಓಣಿಯವರು ದೀಪ ಹಿಡಿದುಕೊಂಡು ಬಾಗಿಲಿಗೆ ಬಂದರು, ಯಾರು ಹೋದರು ಪಾರಿ ಎಂದು ಕೇಳಿದರು. ಸಾವಂತ್ರಿ ಎಂದೆ.